ಮುಚ್ಚಳದ ಒಳಗಿನ ಸಹಿ

ಮಾತಿಲ್ ಕುಟುಂಬದ ಅಡುಗೆಮನೆಯಲ್ಲಿ ಒಳ್ಳೆಯ ಬೆಳಕು ಬೀಳುವ ಕಿಟಕಿ ಇದ್ದದ್ದು ಒಂದೇ. ಅದರ ಕೆಳಗೆ ಊಟದ ಮೇಜು ಇರಬೇಕಿತ್ತು ಎನ್ನುವುದು ಮಾರ್ಲೀಸಳ ಇಪ್ಪತ್ತಾರು ವರ್ಷದ ವಾದ. ಅಲ್ಲಿ ಇದ್ದದ್ದು ಅವಳ ಅತ್ತೆ ಬ್ಲುಯೆಟ್‌ಳ ಕೆಲಸದ ಮೇಜು. ಎದೆಯೆತ್ತರದ ಕಟ್ಟುಮಸ್ತಾದ ಮೇಜು. ಸಣ್ಣ ಡ್ರಾಯರುಗಳು, ಒರಗಿಕೊಳ್ಳುವ ಕಡೆ ಮೊಣಕೈ ಸವೆಸಿದ ಎರಡು ಗುಳಿ. ಕಾರ್ಖಾನೆಯವರು ಮನೆಗೆ ಕೆಲಸ ಕಳಿಸುವುದನ್ನು ನಿಲ್ಲಿಸಿ ಮೂವತ್ತೈದು ವರ್ಷವಾಗಿತ್ತು. ಮೇಜು ಮಾತ್ರ ಕದಲಿರಲಿಲ್ಲ. ಮನೆಯವರೆಲ್ಲ ಒಲೆಯ ಪಕ್ಕದ ಕತ್ತಲ ಮೂಲೆಯಲ್ಲಿ ದೀಪ ಹಾಕಿಕೊಂಡು ಊಟ ಮಾಡುತ್ತಿದ್ದರು.

ಗಡಿಯಾರಕ್ಕೇ ಹೆಸರಾದ ಬೆಟ್ಟದ ಮೇಲಿನ ಲೋಕ್ಲ್ ಊರಿನಲ್ಲಿ ಏನು ಕೆಲಸ ಎಂದು ಕೇಳಿದರೆ ಗಡಿಯಾರದ ಕೆಲಸ ಎಂದು ಯಾರೂ ಹೇಳುವುದಿಲ್ಲ. ಮುಳ್ಳು ಎನ್ನುತ್ತಾರೆ, ಡಯಲ್ ಎನ್ನುತ್ತಾರೆ, ಹೊರಗಿನ ಲೋಹದ ಕೇಸು ಎನ್ನುತ್ತಾರೆ. ಬ್ಲುಯೆಟ್‌ಳದು ಸುರುಳಿ. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ಬಗ್ಗಿಸಿ, ಗಡಿಯಾರದೊಳಗೆ ತೂಗಾಡುವ ಚಕ್ರಕ್ಕೆ ಕೂರಿಸುವುದು. ಅದು ಸರಿ ಕೂತರೆ ಗಡಿಯಾರ ಸರಿ ಹೊತ್ತು ಹೇಳುತ್ತದೆ. ಇಲ್ಲದಿದ್ದರೆ ಚಿನ್ನದ ಕೇಸಿದ್ದರೂ ಆಟಿಕೆ. ಬ್ಲುಯೆಟ್‌ಳ ಮಗ ರೆಮಿಯದು ಪಾಲಿಶ್. ಕೇಸಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಉಕ್ಕನ್ನು ಕನ್ನಡಿ ಮಾಡುತ್ತಿದ್ದ. ಮೊಮ್ಮಗಳು ಕೊರಾಲಿ ಊರಿನ ಗಡಿಯಾರ ಶಾಲೆಯಲ್ಲಿ ಎರಡನೇ ವರ್ಷ. ಮಾರ್ಲೀಸ್ ಒಬ್ಬಳೇ ಕೆಳಗಿನ ಸರೋವರದ ದಡದ ದ್ರಾಕ್ಷಿತೋಟದವಳು. ಶಾಲೆಯೊಂದರ ಕ್ಯಾಂಟೀನಿನಲ್ಲಿ ದಿನಕ್ಕೆ ನೂರಿಪ್ಪತ್ತು ಮಕ್ಕಳಿಗೆ ಬಡಿಸಿ ಬರುತ್ತಿದ್ದಳು. ಮನೆಯಲ್ಲಿ ಗಡಿಯಾರದ ಮಾತು ಎದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದನ್ನು ಮದುವೆಯಾದ ವರ್ಷವೇ ಕಲಿತಿದ್ದಳು. ಈ ಕಥೆಯ ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ಮಾರ್ಚ್ ತಿಂಗಳ ಒಂದು ಮಂಗಳವಾರ. ರೆಮಿ ಬ್ಯಾಂಡಿನ ಅಭ್ಯಾಸಕ್ಕೆ ಹೋಗಿದ್ದ. ಮಾರ್ಲೀಸ್ ಬಟಾಣಿ ಸೂಪು ಬಡಿಸುತ್ತಿದ್ದಳು. ಕೊರಾಲಿ ಅಜ್ಜಿಗೆ ಬಂದ ಕಾಗದ ಓದಿದಳು. ಹಳೆ ಶಾಲೆಯ ಹಾಲ್‌ನಲ್ಲಿ ಮನೆಯಲ್ಲೇ ಕೂತು ಸುರುಳಿ ಕೂರಿಸಿದ ಹೆಂಗಸರ ಬಗ್ಗೆ ಪ್ರದರ್ಶನವಂತೆ. ಒಬ್ಬೊಬ್ಬರದು ಒಂದೊಂದು ಕೈಗಡಿಯಾರ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ.

"ವಿಂಟೇಜ್ ಆಗಿರಬೇಕಂತೆ ಅಜ್ಜಿ. ಮೂವತ್ತು ವರ್ಷ ದಾಟಿರಬೇಕು."

"ನಿಮ್ಮ ತಾತನ ವಾಚಿಗೆ ಐವತ್ತೈದಾಯ್ತು."

"ಬರೀ ವಯಸ್ಸು ಸಾಲದು. ಹುಟ್ಟಿದಾಗ ಇದ್ದ ಡಯಲ್ಲು, ಮುಳ್ಳು, ಕೇಸು ಈಗಲೂ ಅವೇ ಇರಬೇಕು. ಬಣ್ಣ ಮಾಸಿದ್ರೆ ಪರವಾಗಿಲ್ಲ, ಗೀರು ಬಿದ್ರೂ ಪರವಾಗಿಲ್ಲ. ಯಾರೂ ಅದನ್ನ ಹೊಸದು ಮಾಡೋಕೆ ಹೋಗಿರಬಾರದು. ಒಳಗೆ ಎಣ್ಣೆ ಬಿಟ್ಟಿದ್ರೆ ತಪ್ಪಿಲ್ಲ, ಅದು ಬದುಕೋಕೆ ಬೇಕು."

"ಹಂಗಾದ್ರೆ ನಾನು ವಿಂಟೇಜಾ?"

"ಸೊಂಟದ ಕೀಲು ಬದಲಾಯಿಸ್ಕೊಂಡಿಲ್ವಾ ನೀನು? ಅಸಲಿ ಭಾಗ ಹೋಯ್ತಲ್ಲ."

ಮಾರ್ಲೀಸ್ ಸೌಟು ಹಿಡಿದುಕೊಂಡೇ ಹೇಳಿದಳು, "ನಮ್ಮೂರಲ್ಲಿ ಹಳೇದೆಲ್ಲ ಒಳ್ಳೇ ವೈನ್ ಆಗಲ್ಲ ಅತ್ತೆ. ಕೆಲವು ವಿನೆಗರ್ ಆಗುತ್ತೆ."

"ವಿನೆಗರ್ ಇಲ್ಲದೆ ನಿನ್ನ ಸಲಾಡು ಯಾರು ತಿಂತಾರೆ ತಾಯಿ," ಎಂದಳು ಬ್ಲುಯೆಟ್.

ನಗು ಮುಗಿದ ಮೇಲೆ ಕೊರಾಲಿ ಕಾಗದದ ಕೊನೆಯ ಸಾಲು ಓದಿದಳು. ಪ್ರತಿ ಗಡಿಯಾರದ ಪಕ್ಕ ಒಂದು ಚೀಟಿ. ಅದರಲ್ಲಿ ಸುರುಳಿ ಕೂರಿಸಿದವಳ ಹೆಸರು. ಬ್ಲುಯೆಟ್ ಚಮಚ ಕೆಳಗಿಟ್ಟಳು. ಮೂವತ್ತು ವರ್ಷ ಅವಳು ಕೂರಿಸಿದ ಸುರುಳಿಗಳು ಎಷ್ಟೋ ದೇಶದ ಮಣಿಕಟ್ಟಿನ ಮೇಲೆ ಓಡಿದ್ದವು. ಡಯಲ್ಲಿನ ಮೇಲೆ ಇದ್ದದ್ದು ಯಾವಾಗಲೂ ಕಂಪನಿಯ ಹೆಸರು.

"ದೊಡ್ಡಕ್ಷರದಲ್ಲಿ ಬರೀತಾರಂತಾ?" ಎಂದು ಕೇಳಿದಳು. ಉತ್ತರ ಬರುವ ಮೊದಲೇ, "ಬರೀಲಿ ಬಿಡ್ಲಿ, ನನಗೇನು," ಎಂದಳು.

ಅವಳಿಗೇನು ಎನ್ನುವುದು ಶುಕ್ರವಾರ ಗೊತ್ತಾಯಿತು. ಕ್ರಿಸ್‌ಮಸ್ಸಿಗೂ ಸಲೂನಿಗೆ ಹೋಗದ ಮುದುಕಿ ಹೋಗಿ ಕೂದಲು ಸುರುಳಿ ಮಾಡಿಸಿಕೊಂಡು ಬಂದಿದ್ದಳು. ನೀಲಿ ರವಿಕೆಯ ಗುಂಡಿ ಬಿಗಿ ಮಾಡಿಕೊಡು ಎಂದು ಸೊಸೆಯನ್ನು ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ಅತ್ತೆ ಇಷ್ಟು ಆಸೆಪಟ್ಟು ಯಾವುದಕ್ಕೂ ಕಾದದ್ದನ್ನು ಮಾರ್ಲೀಸ್ ಕಂಡಿರಲಿಲ್ಲ. ಗುಂಡಿಯನ್ನು ಎರಡೆಳೆ ದಾರದಲ್ಲಿ ಹೊಲಿದುಕೊಟ್ಟಳು.

ಮರುದಿನ ಬೆಳಿಗ್ಗೆ ಅತ್ತೆ ಮಾರುಕಟ್ಟೆಗೆ ಹೋದಾಗ ರೆಮಿ ಅಡುಗೆಮನೆಗೆ ಬಂದು ಪಿಸುಗುಟ್ಟಿದ. "ಅಪ್ಪನ ವಾಚು ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ ಹೌದಾ? ಹಿಂಗೆ ಗೀರು ಬಿದ್ದ ಸ್ಥಿತೀಲಿ ಕಳಿಸೋಕಾಗುತ್ತಾ? ಊರವರೆಲ್ಲ ಬರ್ತಾರೆ. ಮಗ ಪಾಲಿಶ್ ಮಾಡೋನು, ತಾಯಿ ಕೊಟ್ಟ ವಾಚಿನ ಗತಿ ನೋಡಿ ಅನ್ನಲ್ವಾ?"

"ಅತ್ತೇನ ಒಂದು ಮಾತು ಕೇಳೋದಲ್ವಾ?"

"ಕೇಳಿದ್ರೆ ಬೇಡ ಅಂತಾಳೆ. ಅವಳು ತನಗೆ ಅಂತ ಯಾವತ್ತು ಏನು ಕೇಳಿದಾಳೆ? ನನ್ನ ಕೈಲಿ ಬೇರೇನು ಮಾಡೋಕೆ ಬರುತ್ತೆ ಹೇಳು. ಇದೊಂದು ಬರುತ್ತೆ."

ಮೇಜಿನ ಡ್ರಾಯರಿನ ಕೀಲಿ ಹಿಟ್ಟಿನ ಡಬ್ಬದ ಹಿಂದೆ ಇರುವುದು ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅತ್ತೆಗೂ ಸೊಸೆಗೂ. ಮಂಗಳವಾರದ ಮಾತುಗಳಲ್ಲಿ ಹೊಸದು, ಹಳೆಯದು, ಗೀರು ಎಂದು ಏನೋ ಬಂದದ್ದು ಮಾರ್ಲೀಸಳಿಗೆ ಮಸುಕಾಗಿ ನೆನಪಾಯಿತು. ಗಂಡನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಹುರುಪಿತ್ತು. ಕೀಲಿ ತೆಗೆದು ವಾಚು ಕೊಟ್ಟೇಬಿಟ್ಟಳು.

ಪಾಲಿಶ್ ಮಾಡುವವನು ಗಡಿಯಾರದ ಒಳಗಿನ ಯಂತ್ರ ಮುಟ್ಟುವಂತಿಲ್ಲ. ರೆಮಿಯ ಗೆಳೆಯ ಓರೆಲ್ ಅದನ್ನು ಬಿಚ್ಚಿ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡ. ರೆಮಿ ಒಂದು ವಾರ ಕೆಲಸ ಮುಗಿದ ಮೇಲೆ ಕಾರ್ಖಾನೆಯಲ್ಲೇ ಉಳಿದು ಖಾಲಿ ಕೇಸನ್ನು ಉಜ್ಜಿದ. ತಡವಾಗಿ ಬಂದು ತಣ್ಣಗಿನ ಸೂಪನ್ನು ಉಂಡು, ಹೆಂಡತಿಗೆ ಕಣ್ಣು ಮಿಟುಕಿಸಿ ಮಲಗುತ್ತಿದ್ದ.

ಭಾನುವಾರ ಮಾರ್ಲೀಸ್ ಒಣದ್ರಾಕ್ಷಿ ಹಾಕಿ ಸಿಹಿ ಬ್ರೆಡ್ಡು ಬೇಯಿಸಿದ್ದಳು. ಹಾಲಿನ ಕಾಫಿ ಬಟ್ಟಲಿಗೆ ಬಿದ್ದಿತ್ತು. ರೆಮಿ ಜೇಬಿನಿಂದ ಕೆಂಪು ಬಟ್ಟೆಯ ಗಂಟು ತೆಗೆದು ತಾಯಿಯ ತಟ್ಟೆಯ ಪಕ್ಕ ಇಟ್ಟ.

"ಬಿಚ್ಚು ಅಮ್ಮ."

ಬ್ಲುಯೆಟ್ ಬಿಚ್ಚಿದಳು. ವಾಚು ಅಂಗಡಿಯ ಕಪಾಟಿನಿಂದ ಈಗ ತಾನೇ ಇಳಿದ ಹಾಗಿತ್ತು. ಅಂಚುಗಳು ಚೂಪಾಗಿ ನಿಂತಿದ್ದವು. ದೀಪ ಅದರಲ್ಲಿ ಪೂರ್ತಿ ಕಾಣುತ್ತಿತ್ತು.

"ಹನ್ನೆರಡರ ಹತ್ತಿರ ಆಳವಾದ ಗೀರಿತ್ತಲ್ಲ," ಎಂದ ರೆಮಿ, "ಅದೊಂದಕ್ಕೇ ಎರಡು ಸಂಜೆ ಹಿಡೀತು. ಈಗ ಹುಡುಕಿದ್ರೂ ಸಿಗಲ್ಲ."

ಬ್ಲುಯೆಟ್ ಹೆಬ್ಬೆರಳಿನಿಂದ ಹನ್ನೆರಡರ ಹತ್ತಿರ ಸವರಿದಳು. ಇನ್ನೊಂದು ಸಲ ಸವರಿದಳು. ಕೊರಾಲಿಯ ಬಾಯಲ್ಲಿದ್ದ ಬ್ರೆಡ್ಡು ಬಾಯಲ್ಲೇ ಉಳಿಯಿತು.

"ಅಪ್ಪ, ಏನು ಮಾಡಿದೆ ನೀನು?"

"ಏನು ಮಾಡಿದೆ ಅಂದ್ರೆ?"

"ಮುಟ್ಟಬಾರದಿತ್ತು. ಅದೇ ಅದರ ನಿಯಮ. ಪಾಲಿಶ್ ಮಾಡಿದ್ದನ್ನ ಅವರು ತಗೊಳ್ಳಲ್ಲ. ಅಜ್ಜಿ ಹೆಸರು ಹೋಯ್ತು."

ರೆಮಿ ಮಗಳನ್ನು ನೋಡಿದ, ತಾಯಿಯನ್ನು ನೋಡಿದ. ಸೂಪಿನ ಆವಿಯ ನಡುವೆ ತೇಲಿಹೋಗಿದ್ದ ಮಾತುಗಳೆಲ್ಲ ಈಗ ಮಾರ್ಲೀಸಳಿಗೆ ಒಂದೊಂದಾಗಿ ಕೇಳಿಸತೊಡಗಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

"ಗೊತ್ತಾಗಲ್ಲ ಬಿಡು," ಎಂದ ರೆಮಿ, ದನಿ ಇಳಿದಿತ್ತು. "ಅಂಚು ಒಂದು ಕೂದಲಷ್ಟೂ ಸವೆದಿಲ್ಲ. ನನ್ನ ಕೈ ಕೆಲಸ ಅದು."

"ಐವತ್ತೈದು ವರ್ಷದ ವಾಚಿನ ಮೇಲೆ ಒಂದು ಗೀರಿಲ್ಲ ಅಂದ್ರೆ ಗೊತ್ತಾಗಲ್ವಾ? ಡ್ರಾಯರಿಗೆ ಬೀಗ ಇತ್ತು. ಯಾರು ಕೊಟ್ರು ನಿನಗೆ?"

ಮಾರ್ಲೀಸ್ ಬಾಯಿ ತೆರೆಯುವಷ್ಟರಲ್ಲಿ ಬ್ಲುಯೆಟ್ ಹೇಳಿದಳು, "ಡ್ರಾಯರು ತೆರೆದೇ ಇತ್ತು. ನಾನೇ ಮರೆತಿದ್ದೆ." ಆಮೇಲೆ ಮಗನ ಕಡೆ ತಿರುಗಿ, "ಒಳ್ಳೇ ಕೈ ನಿಂದು ರೆಮಿ. ಬ್ರೆಡ್ಡು ತಿನ್ನು, ಆರೋಗುತ್ತೆ," ಎಂದಳು.

ಎಂಬತ್ತರ ಹೊಸ್ತಿಲಲ್ಲಿದ್ದ ಆ ಮುದುಕಿ ಯಾವ ಬೀಗವನ್ನೂ ಮರೆಯುವವಳಲ್ಲ. ಕೀಲಿ ಎಲ್ಲಿರುತ್ತದೆ, ಅದು ಯಾರಿಗೆ ಗೊತ್ತು ಎನ್ನುವುದನ್ನೂ ಮರೆತಿರಲಿಲ್ಲ. ಮಾರ್ಲೀಸ್ ಕಾಫಿ ಬಟ್ಟಲನ್ನು ಎತ್ತಿಕೊಂಡಳು. ಕುಡಿಯದೆ ಹಾಗೇ ಕೆಳಗಿಟ್ಟಳು.

ಪಾತ್ರೆ ತೊಳೆಯುವಾಗ ಇಬ್ಬರೇ ಇದ್ದರು. ಸೊಸೆ ತೊಳೆಯುತ್ತಿದ್ದಳು, ಅತ್ತೆ ಒರೆಸುತ್ತಿದ್ದಳು.

"ಅತ್ತೆ, ಕೀಲಿ ನಾನೇ..."

"ಗೊತ್ತು. ಬಟ್ಟಲಿನ ಹಿಡಿಕೆ ಹತ್ರ ಸೋಪು ಉಳಿದಿದೆ, ನೋಡು."

"ಬೈಯೋದಾದ್ರೂ ಬೈರಿ."

"ಬೈದ್ರೆ ಗೀರು ವಾಪಸ್ ಬರುತ್ತಾ?" ಬ್ಲುಯೆಟ್ ಬಟ್ಟಲನ್ನು ಕಪಾಟಿಗೆ ಇಟ್ಟಳು. "ಆ ಹನ್ನೆರಡರ ಹತ್ತಿರದ್ದು ಯಾವಾಗಿಂದು ಗೊತ್ತಾ? ಅರವತ್ಮೂರರ ಜನವರಿ. ನಿಮ್ಮ ಮಾವ ನೂಮಾ ಆಗ ಹಿಮ ತೆಗೆಯೋ ಗಾಡಿ ಓಡಿಸ್ತಿದ್ದ. ಘಾಟಿ ರಸ್ತೇಲಿ ಗಾಡಿ ಹೂತೋಯ್ತು. ಚಕ್ರದ ಸರಪಳಿ ಬಿಡಿಸೋವಾಗ ಅದು ಜಾರಿ ಕೈಗೆ ಬಡೀತು. ಏಟನ್ನ ವಾಚು ತಿಂತು. ಅವನು ಮನೆಗೆ ಬರೋ ಹೊತ್ತಿಗೆ ರೆಮಿ ಹುಟ್ಟಿ ಎರಡು ಗಂಟೆ ಆಗಿತ್ತು. ಕೈ ಉಳೀತು, ವಾಚು ನಡೀತಿದೆ, ಹುಡುಗ ಅಳ್ತಿದಾನೆ, ಇನ್ನೇನು ಬೇಕು ಅಂದ."

ಮಾರ್ಲೀಸ್ ನೀರು ನಿಲ್ಲಿಸಿದಳು.

"ರೆಮಿಗೆ ಹೇಳಬೇಡ," ಎಂದಳು ಬ್ಲುಯೆಟ್. "ಎರಡು ಸಂಜೆ ಕೂತು ತೆಗೆದಿದಾನೆ. ಪಾಪ."

ಆ ವಾರ ಮನೆಯಲ್ಲಿ ಮಾತಿಗೆ ಬರ. ಕೊರಾಲಿ ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗುತ್ತಿದ್ದಳು. ರೆಮಿ ಆಲೂಗಡ್ಡೆಯನ್ನು ಫೋರ್ಕಿನಿಂದ ಅತ್ತ ಇತ್ತ ತಳ್ಳುತ್ತ ಕೂರುತ್ತಿದ್ದ. ಬುಧವಾರ ಸಂಜೆ ಒಂದು ಬಟ್ಟೆ ಚೀಲದಲ್ಲಿ ಜಲ್ಲಿಪುಡಿ ತುಂಬಿಕೊಂಡು ಬಂದ.

"ಇದರೊಳಗೆ ಹಾಕಿ ಅರ್ಧ ಗಂಟೆ ಅಲ್ಲಾಡಿಸಿದ್ರೆ ಹಳೇದರ ಹಾಗೇ ಆಗುತ್ತೆ. ದೊಡ್ಡ ಗೀರು ನಾನೇ ಹಾಕ್ತೀನಿ, ಜಾಗ ನೆನಪಿದೆ."

ಬ್ಲುಯೆಟ್‌ಗೆ ಸಿಟ್ಟು ಬಂದದ್ದು ಆಗ. "ನಿಮ್ಮಪ್ಪ ನಲವತ್ತಾರು ವರ್ಷ ದುಡಿದು ಹಾಕಿದ ಗೀರನ್ನ ನೀನು ಅರ್ಧ ಗಂಟೇಲಿ ಹಾಕ್ತೀಯಾ? ಅದನ್ನ ಗಾಜಿನೊಳಗಿಟ್ಟು ಪಕ್ಕದಲ್ಲಿ ನನ್ನ ಹೆಸರು ಬರೆಸ್ತೀಯಾ? ಮಾಡಿದ್ದನ್ನ ಮಾಡಿದೆ ಅನ್ನೋದು ಕಲಿ. ಆ ಚೀಲ ಹೊರಗೆ ಸುರಿದು ಬಾ, ಮೆಟ್ಟಿಲ ಮೇಲೆ ಇನ್ನೂ ಮಂಜುಗಡ್ಡೆ ಇದೆ, ಕಾಲಾದ್ರೂ ಜಾರಲ್ಲ."

ರೆಮಿ ಹೋಗಿ ಮೆಟ್ಟಿಲಿಗೆ ಸುರಿದು ಬಂದ.

"ಪ್ರದರ್ಶನದವರಿಗೆ ಫೋನ್ ಮಾಡಿ, ವಾಚು ನೋಡೋಕೆ ಶುಕ್ರವಾರ ಬರಬೇಡಿ ಅನ್ನಲಾ?" ಎಂದು ಕೇಳಿದ.

"ಬರ್ಲಿ. ನಾನೇ ಹೇಳ್ತೀನಿ."

ಶುಕ್ರವಾರ ಸಂಜೆ ನಾಲ್ಕಕ್ಕೆ ಪ್ರದರ್ಶನದ ಮೇಡಂ ಫಾವರ್ಜೆ ಬಂದರು. ಮೆಲುದನಿಯ ಹೆಂಗಸು, ಬೂಟು ಬಾಗಿಲಲ್ಲೇ ಬಿಚ್ಚಿದರು. ಬ್ಲುಯೆಟ್ ನೀಲಿ ರವಿಕೆ ಹಾಕಿಕೊಂಡಿದ್ದಳು. ಅದನ್ನು ನೋಡಿ ಮಾರ್ಲೀಸಳಿಗೆ ಅಳು ಬಂತು. ಒಲೆಯ ಕಡೆ ತಿರುಗಿ ನಿಂತಳು. ರೆಮಿ ಅರ್ಧ ದಿನ ರಜೆ ಹಾಕಿ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ. ಕೊರಾಲಿಯೂ ಕೋಣೆಯಿಂದ ಇಳಿದು ಬಂದಿದ್ದಳು.

ಮೇಡಂ ಫಾವರ್ಜೆ ವಾಚನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತುಂಬಾ ಒಳ್ಳೆಯ ಕೆಲಸ," ಎಂದರು. "ಇಷ್ಟು ಚೆನ್ನಾಗಿ ಕೇಸು ಪಾಲಿಶ್ ಮಾಡಿದ್ದನ್ನ ನಾನು ನೋಡಿಲ್ಲ. ಆದರೆ ಮೇಡಂ ಮಾತಿಲ್..."

"ಗೊತ್ತು," ಎಂದಳು ಬ್ಲುಯೆಟ್. "ಹೋದ ವಾರ ಮಾಡಿದ್ದು. ನಿಮಗೆ ಸುಳ್ಳು ಹೇಳಬಾರದು ಅಂತಲೇ ಬರೋಕೆ ಬಿಟ್ಟೆ. ಕಾಫಿ ಕುಡಿದು ಹೋಗಿ."

"ನನಗೆ ನಿಜವಾಗಲೂ ಬೇಜಾರಾಗ್ತಿದೆ. ಎಲ್ಲರಿಗೂ ಒಂದೇ ನಿಯಮ ಇಟ್ಟಿದೀವಿ."

ಮಾರ್ಲೀಸ್ ಕಾಫಿ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು ಬಂದಳು. "ತಪ್ಪು ನಂದು," ಎಂದಳು. "ಕೀಲಿ ತೆಗೆದುಕೊಟ್ಟವಳು ನಾನು. ನಿಯಮ ಓದಿದಾಗ ನಾನಿಲ್ಲೇ ಇದ್ದೆ, ಕಿವಿಗೆ ಹಾಕ್ಕೊಳ್ಳಲಿಲ್ಲ. ಅತ್ತೆ ಅದನ್ನ ಯಾರಿಗೂ ಹೇಳಲಿಲ್ಲ." ಕೊರಾಲಿ ಅಮ್ಮನ ಮುಖ ನೋಡಿದಳು. ಮಾರ್ಲೀಸ್ ನಿಲ್ಲಿಸಲಿಲ್ಲ. "ನನಗೆ ಗಡಿಯಾರ ಅರ್ಥ ಆಗಲ್ಲ ಮೇಡಂ. ಒಂದು ದಡ್ಡ ಪ್ರಶ್ನೆ ಕೇಳ್ತೀನಿ. ನಿಮ್ಮ ಪ್ರದರ್ಶನ ಕೇಸು ಮಾಡಿದವರದಾ, ಸುರುಳಿ ಕೂರಿಸಿದವರದಾ?"

"ಸುರುಳಿ ಕೂರಿಸಿದವರದು."

"ನಮ್ಮತ್ತೆ ಸುರುಳೀನ ಯಾರಾದ್ರೂ ಮುಟ್ಟಿದಾರಾ?"

ಗಡಿಯಾರದಲ್ಲೇ ಹುಟ್ಟಿ ಬೆಳೆದ ಮೂವರು ಒಂದು ವಾರದಿಂದ ಹೊರಗಿನ ಹೊಳಪನ್ನೇ ನೋಡುತ್ತ ಕೂತಿದ್ದರು.

"ಓರೆಲ್ ಯಂತ್ರ ಇಡಿಯಾಗಿ ಹೊರಗೆ ತೆಗೆದ, ಇಡಿಯಾಗಿ ಒಳಗಿಟ್ಟ," ಎಂದ ರೆಮಿ. "ಒಂದು ತಿರುಪು ಬಿಚ್ಚಿಲ್ಲ. ಮುಚ್ಚಳದ ಒಳಮೈಗೂ ನಾನು ಕೈ ಹಚ್ಚಿಲ್ಲ. ಒಳಮೈ ನಮ್ಮದಲ್ಲ."

ಕೊರಾಲಿ ಓಡಿಹೋಗಿ ಮುಚ್ಚಳ ತೆಗೆಯುವ ಚಾಕು ತಂದಳು. ಬ್ಲುಯೆಟ್ ತನ್ನ ಮೇಜಿಗೆ ಹೋಗಿ ಕೂತಳು. ಮೊಣಕೈ ಎರಡೂ ತಮ್ಮ ಗುಳಿಗಳಲ್ಲಿ ಕೂತವು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಒಂದೇ ಸಲಕ್ಕೆ ಮುಚ್ಚಳ ಎಬ್ಬಿಸಿದಳು. ಒಳಗೆ ಚಕ್ರ ತೂಗುತ್ತಿತ್ತು. ಅದರ ನಡುವೆ ಆ ಸುರುಳಿ ಬಿಚ್ಚಿಕೊಳ್ಳುತ್ತ ಮುದುಡಿಕೊಳ್ಳುತ್ತ ಇತ್ತು. ಇಪ್ಪತ್ತಾರು ವರ್ಷದಲ್ಲಿ ಮಾರ್ಲೀಸ್ ಮೊದಲ ಸಲ ಬಗ್ಗಿ ನೋಡಿದಳು. ಇಷ್ಟು ಸಣ್ಣದಕ್ಕಾಗಿ ಆ ಕಿಟಕಿ ಬೇಕಾಗಿತ್ತು ಎಂದು ಅವಳಿಗೆ ಆಗ ತಿಳಿಯಿತು.

ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಅಕ್ಷರಗಳಿದ್ದವು. ಎಣ್ಣೆ ಬಿಡಲೆಂದೋ ರಿಪೇರಿಗೆಂದೋ ಗಡಿಯಾರ ಬಿಚ್ಚಿ ಕೆಲಸ ಮಾಡಿದವರು ಅಲ್ಲಿ ಹೆಸರಿನ ಮೊದಲಕ್ಷರವನ್ನೂ ವರ್ಷವನ್ನೂ ಗೀಚುವುದು ಈ ಊರಿನ ಪದ್ಧತಿ. ಮೇಡಂ ಫಾವರ್ಜೆ ಗಟ್ಟಿಯಾಗಿ ಓದಿದರು. "ಬಿ.ಎಂ. 61. ಬಿ.ಎಂ. 66. ಬಿ.ಎಂ. 71." ಹಾಗೇ ಐದೈದು ವರ್ಷಕ್ಕೊಂದು, 2006ರ ತನಕ. "ನಿಮ್ಮ ಕೈ ಬಿಟ್ಟು ಬೇರೆ ಯಾರ ಕೈಯೂ ಇಲ್ಲ ಇದರಲ್ಲಿ."

"ಮೊದಲನೇದು ಕಳ್ಳತನದ್ದು," ಎಂದಳು ಬ್ಲುಯೆಟ್. "ಸುರುಳಿಯವರು ಹೊಸ ವಾಚಿನಲ್ಲಿ ಸಹಿ ಹಾಕೋ ಹಾಗಿರಲಿಲ್ಲ. ಮದುವೆ ವರ್ಷ, ಕಾರ್ಖಾನೆಯವರು ಅಸಲು ಬೆಲೆಗೆ ಒಂದು ವಾಚು ತಗೊಳ್ಳಿ ಅಂದ್ರು. ನನ್ನ ಸುರುಳಿ ಇದ್ದಿದ್ದೇ ಆರಿಸಿದೆ. ನೂಮಾಗೆ ಕೊಡೋ ಮೊದಲು ಗೀಚಿದೆ."

ಮೇಡಂ ಫಾವರ್ಜೆ ಮುಚ್ಚಳವನ್ನು ವಾಚಿನ ಪಕ್ಕ ಇಟ್ಟು ನೋಡಿದರು. "ಬೋರಲು ಇಡ್ತೀವಿ," ಎಂದರು. "ಬೆನ್ನು ಮೇಲೆ, ಮುಚ್ಚಳ ತೆಗೆದು ಪಕ್ಕದಲ್ಲಿ. ಕೇಸು ಪಾಲಿಶ್ ಆಗಿದೆ ಅಂತ ಚೀಟೀಲಿ ಬರೀತೀನಿ. ಸುರುಳಿ ಮುಟ್ಟಿಲ್ಲ ಅಂತಲೂ ಬರೀತೀನಿ. ಎರಡೂ ನಿಜ ತಾನೇ?"

ರೆಮಿ ತೋಳಿನಿಂದ ಮೂಗು ಒರೆಸಿಕೊಂಡ. ಮಾರ್ಲೀಸ್ ಕಾಫಿ ತಂದಳು. ಊಟದ ಮೇಜಿಗೆ ಹೋಗಲಿಲ್ಲ. ಅತ್ತೆಯ ಕೆಲಸದ ಮೇಜಿನ ಮೂಲೆಯಲ್ಲೇ ಮೆಲ್ಲಗೆ ಇಟ್ಟಳು.

"ಈ ಮೇಜಿನ ಮೇಲೆ ಕಾಫಿ ಇಡಬಾರದು ಅಂತ ಎಷ್ಟು ಸಲ ಹೇಳಿದೀನಿ," ಎಂದಳು ಬ್ಲುಯೆಟ್. ಎತ್ತಿಕೊಂಡು ಒಂದು ಗುಟುಕು ಕುಡಿದಳು. "ನಿನ್ನ ಕಿವಿ ಕೆಟ್ಟಿದ್ರೂ ಕಣ್ಣು ಚೆನ್ನಾಗಿದೆ ಮಾರ್ಲೀಸ್. ನೀನು ಈ ಮನೆಗೆ ಬಂದಿದ್ದು ಒಳ್ಳೇದಾಯ್ತು."

ಇಪ್ಪತ್ತಾರು ವರ್ಷಕ್ಕೆ ಅದೊಂದು ಮಾತು ಸಾಕಾಗಿತ್ತು. ಮಾರ್ಲೀಸ್ ಸೆರಗಿಲ್ಲದ ಊರಿನವಳು. ಏಪ್ರನ್ನಿನ ತುದಿಯಲ್ಲಿ ಕಣ್ಣೊತ್ತಿಕೊಂಡಳು.

ಮೇಡಂ ಫಾವರ್ಜೆ ಡಬ್ಬಿ ತೆರೆದು ವಾಚಿಗಾಗಿ ಕೈ ಚಾಚಿದರು. ಬ್ಲುಯೆಟ್ ಕೊಡಲಿಲ್ಲ. "ಒಂದು ನಿಮಿಷ. ರೆಮಿ, ಬಾ ಇಲ್ಲಿ. ಕೂತ್ಕೋ."

ತಾಯಿ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟಳು. ಆ ಸ್ಟೂಲಿನ ಮೇಲೆ ಅವನು ಹುಡುಗನಾಗಿದ್ದಾಗಲೂ ಕೂತವನಲ್ಲ. ಅವಳು ಅವನ ಕೈಗೆ ಗೀಚುವ ಸೂಜಿ ಕೊಟ್ಟು, ಮುಂದೆ ಮುಚ್ಚಳ ಇಟ್ಟಳು.

"ಹಾಕು."

"ಏನು?"

"ಸಹಿ. ಕೆಲಸ ಮಾಡಿದವರು ಹಾಕಬೇಕು."

"ಅಮ್ಮ, ಪಾಲಿಶ್‌ನವರು ಹಾಕಲ್ಲ. ನಾವು ಗುರುತು ಉಳಿಸೋರಲ್ಲ, ತೆಗೆಯೋರು. ಮೂವತ್ತೊಂದು ವರ್ಷದಲ್ಲಿ ನಾನು ಎಲ್ಲೂ..."

"ನಾನೂ ಹಾಕೋ ಹಾಗಿರಲಿಲ್ಲ."

"ಹಾಳು ಮಾಡಿದ್ದಕ್ಕೆ ಸಹಿ ಹಾಕಲಾ?"

ಬ್ಲುಯೆಟ್ ಮಗನ ಭುಜದ ಮೇಲೆ ಕೈಯಿಟ್ಟಳು. ಸೊಸೆಯ ಕಡೆ ಒಮ್ಮೆ ನೋಡಿದಳು. "ಹನ್ನೆರಡರ ಹತ್ತಿರದ ಗೀರು ನೀನು ಹುಟ್ಟಿದ ದಿನದ್ದು ರೆಮಿ. ನಿನ್ನನ್ನ ನೋಡೋಕೆ ಹಿಮದಲ್ಲಿ ಅವಸರ ಮಾಡಿ ನಿಮ್ಮಪ್ಪ ಬೀಳಿಸಿಕೊಂಡಿದ್ದು. ತಂದವನೂ ನೀನೇ, ತೆಗೆದವನೂ ನೀನೇ. ನನಗೋಸ್ಕರ ತೆಗೆದೆ. ಹಾಕು."

ರೆಮಿ ಮುಚ್ಚಳದ ಮೇಲೆ ಬಗ್ಗಿದ. ಕಪ್ಪು ಕೂತ ಬೆರಳುಗಳಲ್ಲಿ ಸೂಜಿ ಜಾರುತ್ತಿತ್ತು. ಕೊರಾಲಿ ಬಂದು ಅಪ್ಪನ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದಳು. ತಾಯಿಯ ಕೊನೆಯ ಸಾಲಿನ ಕೆಳಗೆ, ಸೊಟ್ಟಸೊಟ್ಟಗೆ, ಅವನು ಆರ್.ಎಂ. 16 ಎಂದು ಗೀಚಿದ.

ಬ್ಲುಯೆಟ್ ಭೂತಗನ್ನಡಿ ಹಚ್ಚಿಕೊಂಡು ಓದಿದಳು.

"ಇನ್ನು ಮೂವತ್ತು ವರ್ಷ ಇದನ್ನ ಮುಟ್ಟಬೇಡ," ಎಂದು ಮುಚ್ಚಳವನ್ನು ಮೇಡಂ ಫಾವರ್ಜೆಯ ಕೈಗೆ ಕೊಟ್ಟಳು.